ಕಂಪ್ಯೂಟರ್ ಎದ್ದರೂ ಕೀಬೋರ್ಡ್ ಏಳದಿದ್ದರೆ

"ಕೀಬೋರ್ಡ್ ಸಿಕ್ಕಿಲ್ಲ. ಮುಂದುವರಿಯಲು ಎಫ್1 ಒತ್ತಿ."

ಹಳೇ ಕಂಪ್ಯೂಟರುಗಳು ಕಪ್ಪು ಪರದೆ ಮೇಲೆ ಇಂಗ್ಲಿಷಿನಲ್ಲಿ ತೋರಿಸುವ ಈ ಸಾಲನ್ನು ಗೇಲಿ ಮಾಡದವರಿಲ್ಲ. ಕೀಬೋರ್ಡೇ ಇಲ್ಲ ಅಂದ ಮೇಲೆ ಎಫ್1 ಎಲ್ಲಿ ಒತ್ತೋದು? ಆದರೆ ಪಾಪ, ಅದು ಹೇಳುತ್ತಿರುವುದರಲ್ಲಿ ತಪ್ಪಿಲ್ಲ. ಒಂದು ಕೀಬೋರ್ಡ್ ತಂದು ಚುಚ್ಚಿ, ಅದು ನನಗೆ ಕಾಣಿಸಲಿ, ಆಮೇಲೆ ಮುಂದೆ ಹೋಗೋಣ ಅನ್ನುತ್ತಿದೆ. ಈಗಿನ ಕಂಪ್ಯೂಟರುಗಳು ಹೆಚ್ಚಾಗಿ ಅಷ್ಟೂ ಹೇಳುವುದಿಲ್ಲ. ಕಂಪನಿ ಲೋಗೋ ತೋರಿಸಿ ಸುಮ್ನೆ ಮುಂದೆ ಓಡುತ್ತವೆ. ವಿಂಡೋಸ್ ಬರುವ ಮೊದಲೇ ಸೆಟ್ಟಿಂಗ್ ಪರದೆಗೋ ಮೆನುವಿಗೋ ಹೋಗಲು ನೀವು ಡಿಲೀಟ್, ಎಫ್2, ಎಫ್12 ಅಂತ ಒತ್ತುತ್ತಲೇ ಇರುತ್ತೀರಿ, ಅದು ತನ್ನ ಪಾಡಿಗೆ ವಿಂಡೋಸ್ ತೆರೆದುಕೊಳ್ಳುತ್ತದೆ.

ರಾಯಚೂರಿನ ಗಂಜಿನ (ಕೃಷಿ ಮಾರುಕಟ್ಟೆಯ) ಅಡತ್ತಿ ಅಂಗಡಿ ಇರಲಿ, ಸಿಂಧನೂರಿನ ರೈಸ್ ಮಿಲ್ಲಿನ ಆಫೀಸ್ ಇರಲಿ, ಇಂಥ ಹೊತ್ತಿನಲ್ಲಿ ನಡೆಯುವುದು ಒಂದೇ. ಹುಡುಗನನ್ನು ಕಂಪ್ಯೂಟರ್ ಅಂಗಡಿಗೆ ಓಡಿಸುತ್ತಾರೆ. "ಅಣ್ಣಾ, ಕೀಬೋರ್ಡ್ ಹೋಗೈತ್ರಿ, ಹೊಸದೊಂದು ಕೊಡ್ರಿ." ಹೊಸದು ಬರುತ್ತದೆ, ಚುಚ್ಚುತ್ತಾರೆ, ಅದೂ ಅದೇ ಕಥೆ. ಆಗ ಮದರ್‌ಬೋರ್ಡ್ ಹೋಗಿದೆ ಅನ್ನುವ ತೀರ್ಮಾನಕ್ಕೆ ಬರುತ್ತಾರೆ. ಎಷ್ಟೋ ಸಲ ಎರಡೂ ಹೋಗಿರುವುದಿಲ್ಲ. ಕೀಬೋರ್ಡ್ ಕೆಲಸ ಮಾಡುತ್ತಿಲ್ಲ ಅನ್ನುವುದಷ್ಟೇ ಗೊತ್ತಿದ್ದರೆ ಏನೂ ಗೊತ್ತಿದ್ದಂತಲ್ಲ. ಯಾವ ಹಂತದಲ್ಲಿ ಕೆಲಸ ಮಾಡುತ್ತಿಲ್ಲ ಅಂತ ಗೊತ್ತಾದರೆ ಅರ್ಧ ರಿಪೇರಿ ಮುಗಿದ ಹಾಗೆ.

ಯಾಕೆಂದರೆ ಕಂಪ್ಯೂಟರ್ ಏಳುವಾಗ ಕೀಬೋರ್ಡನ್ನು ಒಂದೇ ಸಲ ಗುರುತಿಸುವುದಿಲ್ಲ. ಎರಡು ಸಲ, ಇಬ್ಬರು ಬೇರೆ ಬೇರೆಯವರು ಗುರುತಿಸುತ್ತಾರೆ. ಪವರ್ ಬಟನ್ ಒತ್ತಿದ ಕೂಡಲೇ ಎಚ್ಚರವಾಗುವುದು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುವ ಪುಟ್ಟ ತಂತ್ರಾಂಶ. ಹಳೆಯದಕ್ಕೆ ಬಯಾಸ್ ಅಂತ ಹೆಸರು, ಹೊಸದಕ್ಕೆ ಯುಇಎಫ್‌ಐ. ಮಾತಿನಲ್ಲಿ ಎಲ್ಲರೂ ಎರಡಕ್ಕೂ ಬಯಾಸ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಅದು ಮೆಮೊರಿ ಇದೆಯಾ, ಡಿಸ್ಕ್ ಇದೆಯಾ, ಕೀಬೋರ್ಡ್ ಇದೆಯಾ ಅಂತ ನೋಡಿ, ವಿಂಡೋಸನ್ನು ಎಬ್ಬಿಸಿ, ಅಧಿಕಾರ ಒಪ್ಪಿಸಿ ಪಕ್ಕಕ್ಕೆ ಸರಿಯುತ್ತದೆ. ವಿಂಡೋಸ್ ಬಂದ ಮೇಲೆ ತನ್ನದೇ ಡ್ರೈವರ್ (ಸಾಧನದ ಜೊತೆ ಮಾತಾಡುವ ತಂತ್ರಾಂಶ) ಹಾಕಿಕೊಂಡು ಅದೇ ಕೀಬೋರ್ಡನ್ನು ಮೊದಲಿನಿಂದ ಗುರುತಿಸುತ್ತದೆ. ಮಿಲ್ಲಿನ ಗೇಟಿನ ರಾತ್ರಿ ವಾಚ್‌ಮನ್ ಮತ್ತು ಬೆಳಗಿನ ಗುಮಾಸ್ತ ಇದ್ದ ಹಾಗೆ. ವಾಚ್‌ಮನ್‌ಗೆ ನಾಲ್ಕಾರು ಮುಖ ಮಾತ್ರ ಪರಿಚಯ. ಗುಮಾಸ್ತನ ಹತ್ತಿರ ಎಲ್ಲರ ಹೆಸರಿರುವ ದೊಡ್ಡ ಪುಸ್ತಕವೇ ಇರುತ್ತದೆ. ಒಬ್ಬ ಒಳಗೆ ಬಿಟ್ಟವನನ್ನು ಇನ್ನೊಬ್ಬ ತಡೆಯಬಹುದು.

ಬಯಾಸ್‌ಗೆ ಅಷ್ಟು ಕಡಿಮೆ ಪರಿಚಯ ಯಾಕೆ ಅನ್ನುವುದಕ್ಕೆ ಸ್ವಲ್ಪ ಇತಿಹಾಸವಿದೆ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ಒಂದು ದುಂಡನೆಯ ಆರು ಪಿನ್ನಿನ ಕನೆಕ್ಟರ್ ತಂದಿತು. ಮುಂದೆ ಕೀಬೋರ್ಡಿಗೆ ನೇರಳೆ, ಮೌಸಿಗೆ ಹಸಿರು ಅಂತ ಬಣ್ಣ ಬಂತು. ಆ ಕೀಬೋರ್ಡ್ ಬಹಳ ಸರಳ. ಕೀಲಿ ಒತ್ತಿದರೆ ಒಂದು ಕೋಡ್ ನೇರವಾಗಿ ಮದರ್‌ಬೋರ್ಡಿಗೆ ಹೋಗುತ್ತದೆ, ಮಧ್ಯೆ ಯಾರೂ ಇಲ್ಲ. 1996ರಲ್ಲಿ ಬಂದ ಯುಎಸ್‌ಬಿ ಹಾಗಲ್ಲ. ಅಲ್ಲಿ ಕಂಪ್ಯೂಟರೇ ಮೊದಲು "ನೀನು ಯಾರು?" ಅಂತ ಕೇಳಬೇಕು, ಸಾಧನ ಉತ್ತರ ಕೊಡಬೇಕು, ಅದಕ್ಕೊಂದು ನಂಬರ್ ಸಿಗಬೇಕು. ಆಮೇಲೆ ಮಾತುಕತೆ. ತಾನು ಯಾವ ಥರ ಮಾತಾಡುತ್ತೇನೆ ಅಂತ ಪ್ರತಿ ಸಾಧನವೂ ಕೊಡುವ ಉದ್ದನೆಯ ವಿವರಣೆಯನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಜಾಗ ಬಯಾಸಿನಲ್ಲಿ ಇರಲಿಲ್ಲ. ಅದಕ್ಕೇ ಯುಎಸ್‌ಬಿ ನಿಯಮ ಬರೆದವರು ಒಂದು ಒಳದಾರಿ ಇಟ್ಟರು. ಬೂಟ್ ಪ್ರೋಟೊಕಾಲ್ ಅಂತ ಅದರ ಹೆಸರು, ಬೂಟ್ ಅಂದರೆ ಕಂಪ್ಯೂಟರ್ ಏಳುವುದು. ಈ ಭಾಷೆಯಲ್ಲಿ ಕೀಬೋರ್ಡ್ ಪ್ರತಿ ಸಲ ಕಳಿಸುವುದು ಬರೀ 8 ಬೈಟ್. ಒಂದರಲ್ಲಿ ಶಿಫ್ಟ್, ಕಂಟ್ರೋಲ್, ಆಲ್ಟ್ ಇತ್ಯಾದಿ. ಒಂದು ಖಾಲಿ. ಉಳಿದ ಆರರಲ್ಲಿ ಒಟ್ಟಿಗೆ ಒತ್ತಿದ ಆರು ಕೀಲಿಗಳು. ಇಷ್ಟು ಅರ್ಥವಾದರೆ ಬಯಾಸ್‌ಗೆ ಸಾಕು. ಬಣ್ಣದ ದೀಪ, ಹೆಚ್ಚುವರಿ ಬಟನ್ ಎಲ್ಲಾ ಇರುವ ಕೆಲವು ಗೇಮಿಂಗ್ ಕೀಬೋರ್ಡುಗಳು ವಿಂಡೋಸಿನಲ್ಲಿ ಕುಣಿದಾಡಿ ಬಯಾಸಿನಲ್ಲಿ ಮೌನವಾಗುವುದು ಈ ಸರಳ ಭಾಷೆಯನ್ನು ಸರಿಯಾಗಿ ಆಡದೇ ಇದ್ದಾಗ. ಅಂಥವುಗಳಲ್ಲಿ ಕೆಲವಕ್ಕೆ ಬಯಾಸ್ ಮೋಡ್ ಅಂತಲೇ ಬೇರೆ ಸ್ವಿಚ್ ಇರುತ್ತದೆ.

ಈಗ ಪರೀಕ್ಷೆಗೆ ಬರೋಣ. ಇದಕ್ಕೆ ಯಾವ ಸಲಕರಣೆಯೂ ಬೇಡ. ಕೀಬೋರ್ಡಿನ ಬಲಮೂಲೆಯಲ್ಲಿ ನಮ್ ಲಾಕ್ ದೀಪ ಇರುತ್ತದಲ್ಲ, ಅದನ್ನು ನೋಡಿ. ಆ ದೀಪವನ್ನು ಹಚ್ಚುವುದು ಕೀಬೋರ್ಡ್ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅಲ್ಲ. ನೀವು ನಮ್ ಲಾಕ್ ಒತ್ತಿದಾಗ ಕೀಬೋರ್ಡ್ ಕಂಪ್ಯೂಟರಿಗೆ "ಈ ಕೀಲಿ ಒತ್ತಿದರು" ಅಂತ ಸುದ್ದಿ ಕಳಿಸುತ್ತದೆ. ಕಂಪ್ಯೂಟರ್ ಅದನ್ನು ಓದಿ "ಹಾಗಾದರೆ ದೀಪ ಹಚ್ಚು" ಅಂತ ವಾಪಸ್ ಆಜ್ಞೆ ಕೊಡುತ್ತದೆ. ಆಗ ಮಾತ್ರ ದೀಪ ಹತ್ತುತ್ತದೆ. ಅಂದರೆ ಒತ್ತಿದಾಗಲೆಲ್ಲ ದೀಪ ಹತ್ತಿ ಆರುತ್ತಿದ್ದರೆ ಕೇಬಲ್ ಸರಿಯಿದೆ, ಪೋರ್ಟ್ ಸರಿಯಿದೆ, ಕೀಬೋರ್ಡ್ ಜೀವಂತ ಇದೆ, ಆ ಕಡೆ ಕೇಳಿಸಿಕೊಳ್ಳುವವರೂ ಇದ್ದಾರೆ. ಒಂದೇ ಕೀಲಿಯಲ್ಲಿ ನಾಲ್ಕು ವಿಷಯ ತಿಳಿಯಿತು.

ಕಂಪ್ಯೂಟರ್ ಪೂರ್ತಿ ಆಫ್ ಮಾಡಿ. ಆನ್ ಮಾಡಿದ ಕ್ಷಣದಿಂದಲೇ ನಮ್ ಲಾಕನ್ನು ಸೆಕೆಂಡಿಗೊಮ್ಮೆ ಒತ್ತುತ್ತಾ ಹೋಗಿ. ಲೋಗೋ ಬಂದಾಗ ದೀಪ ಬದಲಾಗುತ್ತಿದೆಯಾ? ಪಾಸ್‌ವರ್ಡ್ ಕೇಳುವ ಪರದೆಯಲ್ಲಿ? ಈ ಎರಡು ಉತ್ತರ ಸಿಕ್ಕರೆ ಮುಂದಿನ ದಾರಿ ತಾನಾಗಿ ತೆರೆಯುತ್ತದೆ. ದೀಪವೇ ಇಲ್ಲದ ವೈರ್‌ಲೆಸ್ ಕೀಬೋರ್ಡ್ ಇದ್ದರೆ ಈ ಪರೀಕ್ಷೆಗೆ ಪಕ್ಕದ ಅಂಗಡಿಯ ವೈರ್ ಇರುವ ಕೀಬೋರ್ಡ್ ಹತ್ತು ನಿಮಿಷಕ್ಕೆ ಕೇಳಿ ತನ್ನಿ.

ಎರಡೂ ಕಡೆ ದೀಪ ಸತ್ತಿದ್ದರೆ ಅದು ಸುಲಭದ ಕೇಸು. ಕೀಬೋರ್ಡನ್ನು ಸಿಪಿಯು ಡಬ್ಬಿಯ ಮುಂದಿನ ಪೋರ್ಟಿನಿಂದ ತೆಗೆದು ಹಿಂದಿನ ಪೋರ್ಟಿಗೆ ಹಾಕಿ. ಹಿಂದಿನವು ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತವೆ. ಮುಂದಿನವು ಒಂದು ತೆಳ್ಳನೆ ವೈರಿನಲ್ಲಿ ಹೋಗಿ ಬೋರ್ಡಿಗೆ ಸೇರುತ್ತವೆ, ಆ ವೈರ್ ಸಡಿಲವಾಗುವುದು ಸಾಮಾನ್ಯ. ಯುಎಸ್‌ಬಿ ಹಬ್ ಇದ್ದರೆ ತೆಗೆದುಬಿಡಿ. ಪ್ರಿಂಟರ್, ಪೆನ್‌ಡ್ರೈವ್, ಬೆರಳಚ್ಚು ಯಂತ್ರ ಎಲ್ಲವನ್ನೂ ಬಿಚ್ಚಿ, ಕೀಬೋರ್ಡ್ ಒಂದನ್ನೇ ಬಿಟ್ಟು ನೋಡಿ. ಒಂದು ಕೆಟ್ಟ ಸಾಧನ ಉಳಿದವನ್ನೂ ಹಿಡಿದು ನಿಲ್ಲಿಸಿರಬಹುದು.

ಕರೆಂಟ್ ಹೋಗಿ ಬಂದ ಮೇಲೆ ಶುರುವಾದ ತೊಂದರೆಯಾದರೆ ಇನ್ನೊಂದು ಕೆಲಸ ಇದೆ. ಕಂಪ್ಯೂಟರ್ ಆಫ್ ಮಾಡಿದರೂ ಪ್ಲಗ್ಗಿನಲ್ಲಿ ಇರುವಷ್ಟು ಹೊತ್ತು ಮದರ್‌ಬೋರ್ಡಿಗೆ 5 ವೋಲ್ಟಿನ ಸ್ಟ್ಯಾಂಡ್‌ಬೈ ಕರೆಂಟ್ ಹರಿಯುತ್ತಲೇ ಇರುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಯುಎಸ್‌ಬಿಗೂ ಅದೇ ಕರೆಂಟ್. ಮೌಸಿನ ಕೆಂಪು ದೀಪ ಆಫ್ ಆದ ಮೇಲೂ ಉರಿಯುತ್ತಿರುತ್ತಲ್ಲ, ಅದೇ ಸಾಕ್ಷಿ. ಹಾಗಾಗಿ ಸಿಕ್ಕಿಹಾಕಿಕೊಂಡ ಯುಎಸ್‌ಬಿ ಭಾಗ ಬರೀ ಆಫ್-ಆನ್ ಮಾಡಿದರೆ ಬಿಡಿಸಿಕೊಳ್ಳುವುದಿಲ್ಲ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಉಳಿದ ಕರೆಂಟನ್ನೆಲ್ಲ ಖಾಲಿ ಮಾಡಿ, ಮತ್ತೆ ಹಾಕಿ. ಯುಪಿಎಸ್ ಇದ್ದರೆ ಯುಪಿಎಸ್‌ನಿಂದಲೇ ಕೀಳಬೇಕು. ಇಷ್ಟರಲ್ಲೇ ಸರಿಹೋಗುವ ಕೇಸುಗಳು ಕಮ್ಮಿ ಇಲ್ಲ.

ನಮ್ಮ ಕಡೆ ಕೀಬೋರ್ಡಿಗೆ ದೊಡ್ಡ ಶತ್ರು ಧೂಳು. ಬೇಸಿಗೆಯಲ್ಲಿ ಕಿಟಕಿ ತೆರೆಯದೆ ಕೂರಲಾಗುವುದಿಲ್ಲ, ತೆರೆದರೆ ಧೂಳು. ಗಂಜಿನಲ್ಲಿ ಹತ್ತಿಯ ಎಳೆ, ಮಿಲ್ಲಿನಲ್ಲಿ ತೌಡು. ಸಾಮಾನ್ಯ ಕೀಬೋರ್ಡಿನೊಳಗೆ ಮೂರು ಪದರ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಮೇಲಿನ ಮತ್ತು ಕೆಳಗಿನ ಹಾಳೆಯಲ್ಲಿ ಕರೆಂಟ್ ಹರಿಯುವ ಗೆರೆಗಳು, ನಡುವಿನದರಲ್ಲಿ ತೂತುಗಳು. ಒತ್ತಿದಾಗ ತೂತಿನ ಮೂಲಕ ಮೇಲಿನದು ಕೆಳಗಿನದಕ್ಕೆ ತಾಗುತ್ತದೆ. ಹಾಳೆಯೊಳಗೆ ಸಕ್ಕರೆ ಚಹಾ ಇಳಿದರೆ ಎರಡು ಹಾಳೆ ಅಂಟಿಕೊಂಡು ಆ ಕೀಲಿ ಒತ್ತಿದಂತೆಯೇ ಉಳಿಯುತ್ತದೆ. ಕೀಲಿಯನ್ನು ಮೇಲೆತ್ತುವ ರಬ್ಬರ್ ಬಟನ್ನಿನ ಸುತ್ತ ತೌಡು ಗಟ್ಟಿಯಾದರೂ ಕೀಲಿ ಮೇಲೆ ಬರುವುದಿಲ್ಲ. ಇದು ಬೂಟ್ ಹೊತ್ತಿನಲ್ಲಿ ವಿಚಿತ್ರ ಆಟ ಆಡಿಸುತ್ತದೆ. ಕೀಲಿ ಸಿಕ್ಕಿಹಾಕಿಕೊಂಡಿದೆ ಅಂತ ಬಯಾಸ್ ಬೀಪ್ ಹೊಡೆದು ನಿಲ್ಲಬಹುದು. ಸಿಕ್ಕಿದ್ದು ಡಿಲೀಟ್ ಆಗಿದ್ದರೆ ಪ್ರತಿ ಸಲವೂ ಸೆಟಪ್ ಪರದೆಗೇ ಹೋಗಬಹುದು. ಕೀಬೋರ್ಡ್ ಕಿತ್ತು ಆನ್ ಮಾಡಿದಾಗ ಕಂಪ್ಯೂಟರ್ ನೆಟ್ಟಗೆ ವಿಂಡೋಸಿಗೆ ಹೋದರೆ ಇದೇ ರೋಗ ಅಂತ ತಿಳಿಯಿರಿ. ತಲೆಕೆಳಗೆ ಮಾಡಿ ತಟ್ಟಿ, ಬ್ರಷ್ ಹಾಕಿ. ಚಹಾ ಕುಡಿದ ಕೀಬೋರ್ಡಿಗೆ ಮಾತ್ರ ಹೊಸದೇ ಮದ್ದು, ಅದರ ಮೇಲೆ ಸಮಯ ಹಾಕುವುದು ದಂಡ.

ಇನ್ನು ತಲೆ ತಿನ್ನುವ ಕೇಸು. ವಿಂಡೋಸಿನಲ್ಲಿ ಎಲ್ಲಾ ಚೆನ್ನಾಗಿದೆ, ಆದರೆ ಬಯಾಸಿನ ಸೆಟ್ಟಿಂಗ್ ಪರದೆಗೆ ಹೋಗಲಾಗುತ್ತಿಲ್ಲ. ಲೋಗೋ ಇದ್ದಾಗ ದೀಪವೂ ಬದಲಾಗುತ್ತಿಲ್ಲ.

ಇಲ್ಲಿ ಮೊದಲ ಅನುಮಾನ ವೇಗದ ಮೇಲೆ. ಇದರಲ್ಲಿ ಎರಡು ಬೇರೆ ಬೇರೆ ವೇಗಗಳಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಒಂದು ಬಯಾಸಿನ ಫಾಸ್ಟ್ ಬೂಟ್. ಇದು ಆನ್ ಇದ್ದರೆ ಒಂದೆರಡು ಸೆಕೆಂಡ್ ಉಳಿಸಲು ಬಯಾಸ್ ಯುಎಸ್‌ಬಿ ಸಾಧನಗಳನ್ನು ಮಾತಾಡಿಸುವುದನ್ನೇ ಬಿಟ್ಟುಬಿಡಬಹುದು. ಇನ್ನೊಂದು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್, 2012ರ ವಿಂಡೋಸ್ 8ರಿಂದ ಬಂದದ್ದು. ಇದು ಆನ್ ಇದ್ದಾಗ ನೀವು ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಗಿಯುವುದಿಲ್ಲ. ತನ್ನ ಒಳತಿರುಳನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ನಿಜವಾಗಿ ಮುಗಿದು ಮೊದಲಿನಿಂದ ಶುರುವಾಗುತ್ತದೆ. ತಮಾಷೆ ಅಲ್ವಾ? ಬೆಳಗ್ಗೆ ಆನ್ ಮಾಡಿದಾಗ ಕೀಬೋರ್ಡ್ ಸತ್ತಿದ್ದು, ಮೌಸಿನಿಂದ ರೀಸ್ಟಾರ್ಟ್ ಮಾಡಿದರೆ ಬದುಕುತ್ತದೆ ಅಂದರೆ ಈ ಎರಡನೆಯದೇ ಕಾರಣ ಅಂತ ಬಹುಮಟ್ಟಿಗೆ ಹೇಳಬಹುದು. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್ ಒಳಗೆ, ಪವರ್ ಬಟನ್ ಏನು ಮಾಡಬೇಕು ಅಂತ ಆರಿಸುವ ಜಾಗದಲ್ಲಿ ಅದರ ಟಿಕ್ ತೆಗೆಯಬಹುದು. ನನ್ನ ಕೇಳಿದರೆ ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕ್ ಇರುವ ಯಾವ ಕಂಪ್ಯೂಟರಿಗೂ ಅದು ಬೇಕಿಲ್ಲ.

ವೇಗ ಇನ್ನೊಂದು ತೊಂದರೆ ತಂದಿದೆ. ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟ್ ತಾನೇ ಹೇಳಿಕೊಂಡ ಪ್ರಕಾರ, ಎಸ್‌ಎಸ್‌ಡಿ ಇರುವ ವೇಗದ ಕಂಪ್ಯೂಟರಿನಲ್ಲಿ ವಿಂಡೋಸಿನ ರಿಪೇರಿ ಮೆನು ತೆರೆಯುವ ಎಫ್8 ಒತ್ತಲು ಸಿಗುವ ಅವಕಾಶ 200 ಮಿಲಿಸೆಕೆಂಡಿಗಿಂತ ಕಡಿಮೆ. ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಕೀಬೋರ್ಡ್ ಸರಿಯಿದ್ದರೂ ಮನುಷ್ಯನ ಬೆರಳಿಗೆ ಅದು ಸಿಗುವುದಿಲ್ಲ. ಅದಕ್ಕೇ ಬೇರೆ ಬಾಗಿಲು ಇಟ್ಟಿದ್ದಾರೆ. ವಿಂಡೋಸಿನ ಒಳಗಿಂದ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ನೀಲಿ ಪರದೆ ಬರುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕೊನೆಗೆ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಓಡುವ ಬಸ್ಸಿಗೆ ಜೋತುಬೀಳದೆ ನಿಲ್ದಾಣದಲ್ಲೇ ಹತ್ತಲು ಇದೇ ದಾರಿ. ಬಯಾಸ್ ಒಳಗೆ ಹೋಗುವ ಕೀಲಿಗಳೂ ಕಂಪನಿಗೊಂದು ಥರ: ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10, ಜೋಡಿಸಿದ ಸಿಸ್ಟಂಗಳಿಗೆ ಸಾಮಾನ್ಯವಾಗಿ ಡಿಲೀಟ್. ತಪ್ಪು ಕೀಲಿ ಒತ್ತಿ ಕೀಬೋರ್ಡನ್ನು ಬೈಯುವವರೂ ಇದ್ದಾರೆ.

ಬಯಾಸ್ ಒಳಗೆ ಎರಡು ಕಡೆ, ಹೊರಗೆ ಒಂದು ಕಡೆ ಕಣ್ಣಾಡಿಸಿ. ಫಾಸ್ಟ್ ಬೂಟ್ ಆಫ್ ಮಾಡಿ. ಲೆಗಸಿ ಯುಎಸ್‌ಬಿ ಸಪೋರ್ಟ್ ಅಂತ ಇದ್ದರೆ ಆನ್ ಮಾಡಿ. ಯುಎಸ್‌ಬಿ ಕೀಬೋರ್ಡನ್ನು ಹಳೇ ಪಿಎಸ್/2 ಕೀಬೋರ್ಡಿನಂತೆ ನಟಿಸಿ ತೋರಿಸುವ ವ್ಯವಸ್ಥೆ ಅದು. ಅದು ಆಫ್ ಆಗಿದ್ದರೆ ಹಳೇ ಬಯಾಸ್ ಇರುವ ಸಿಸ್ಟಮ್ಮಿನಲ್ಲಿ ವಿಂಡೋಸ್ ಪಕ್ಕ ಅದರಂಥದೇ ಇನ್ನೊಂದು ವ್ಯವಸ್ಥೆಯಾದ ಉಬುಂಟು ಹಾಕಿಕೊಂಡ ಕಾಲೇಜು ಹುಡುಗರು, ಯಾವುದು ಬೇಕು ಅಂತ ಕೇಳುವ ಗ್ರಬ್ ಮೆನುವಿನ ಮುಂದೆ ಕೈಕಟ್ಟಿ ಕೂರಬೇಕಾಗುತ್ತದೆ. ಆ ಮೆನು ಕೀಲಿಗಳನ್ನು ಓದುವುದು ಬಯಾಸ್ ಮೂಲಕವೇ. ಮೂರನೆಯದು ಪೋರ್ಟಿನ ಬಣ್ಣ. ಹಳೇ ಬೋರ್ಡುಗಳಲ್ಲಿ ನೀಲಿ ನಾಲಿಗೆಯ ಯುಎಸ್‌ಬಿ 3 ಪೋರ್ಟನ್ನು ಬೇರೆ ಚಿಪ್ ನಡೆಸುತ್ತಿರುತ್ತದೆ. ಬಯಾಸ್‌ಗೆ ಅದು ಗೊತ್ತಿಲ್ಲದಿರಬಹುದು. ಕಪ್ಪು ಪೋರ್ಟಿಗೆ ಬದಲಿಸಿ.

ವೈರ್‌ಲೆಸ್ ಕೀಬೋರ್ಡಿನಲ್ಲೂ ಎರಡು ಜಾತಿ. ಪುಟ್ಟ ಯುಎಸ್‌ಬಿ ರಿಸೀವರ್ ಜೊತೆ ಬರುವಂಥವು ಬಯಾಸ್‌ಗೆ ವೈರ್ ಕೀಬೋರ್ಡಿನಂತೆಯೇ ಕಾಣುತ್ತವೆ, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಬ್ಲೂಟೂತ್ ಕೀಬೋರ್ಡಿನ ಜೋಡಿ ಕೂಡಿಸಿದ್ದು ವಿಂಡೋಸ್. ಆ ಗುರುತು ಅದರ ಹತ್ತಿರವೇ ಇರುತ್ತದೆ. ವಿಂಡೋಸ್ ಬರುವವರೆಗೆ ಹೆಚ್ಚಿನ ಕಂಪ್ಯೂಟರುಗಳಲ್ಲಿ ಅದು ಕೆಲಸ ಮಾಡುವುದಿಲ್ಲ, ಮಾಡಬೇಕು ಅಂತ ನಿರೀಕ್ಷಿಸುವುದೂ ಸರಿಯಲ್ಲ.

ಕೀಬೋರ್ಡ್ ಇಲ್ಲದೆ ಬಯಾಸ್ ಒಳಗೆ ಹೋಗೋದು ಹೇಗೆ ಅಂತ ಕೇಳಬಹುದು. ವಿಂಡೋಸೂ ಏಳದ ಕೇಸಿನಲ್ಲಿ ಇದೇ ದೊಡ್ಡ ಪ್ರಶ್ನೆ. ಡೆಸ್ಕ್‌ಟಾಪ್ ಹಿಂದೆ ದುಂಡನೆಯ ಪಿಎಸ್/2 ರಂಧ್ರ ಇದ್ದರೆ, ಯಾರದೋ ಅಟ್ಟದ ಮೇಲಿನ ಹಳೇ ಕೀಬೋರ್ಡ್ ಇಳಿಸಿ ಹಾಕಿ. ಕಂಪ್ಯೂಟರ್ ಆಫ್ ಇದ್ದಾಗಲೇ ಚುಚ್ಚಬೇಕು. ಪಿಎಸ್/2 ಆನ್ ಇದ್ದಾಗ ಹಾಕಿ ತೆಗೆಯಲು ಮಾಡಿದ್ದಲ್ಲ. ಯುಎಸ್‌ಬಿಯನ್ನು ಪಿಎಸ್/2 ಮಾಡುವ ಪುಟ್ಟ ಅಡಾಪ್ಟರ್ ಎಲ್ಲ ಕೀಬೋರ್ಡಿಗೂ ಹೊಂದುವುದಿಲ್ಲ. ಅದು ಬರೀ ತಂತಿ ತಿರುಗಿಸುತ್ತದೆ, ಎರಡೂ ಭಾಷೆ ಬರುವ ಕೀಬೋರ್ಡಿಗೆ ಮಾತ್ರ ನಡೆಯುತ್ತದೆ.

ಅದೂ ಇಲ್ಲದಿದ್ದರೆ ಬಯಾಸ್ ಸೆಟ್ಟಿಂಗನ್ನು ಅಳಿಸಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರಬೇಕು. ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು, ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಸಿಆರ್2032 ಸೆಲ್ ತೆಗೆದು, ಐದಾರು ನಿಮಿಷ ಬಿಟ್ಟು ವಾಪಸ್ ಹಾಕಿ. ಪ್ಲಸ್ ಗುರುತು ಮೇಲಕ್ಕಿರಲಿ. ಈ 3 ವೋಲ್ಟ್ ಸೆಲ್ ಮುಗಿದು ಹೋಗಿದ್ದರೂ ಬಯಾಸ್ ಸೆಟ್ಟಿಂಗ್ ದಾರಿ ತಪ್ಪುತ್ತದೆ. ದಿನಾ ಬೆಳಗ್ಗೆ ತಾರೀಖು ಹಿಂದಕ್ಕೆ ಹೋಗುತ್ತಿದೆ, ಲೆಕ್ಕದ ತಂತ್ರಾಂಶ ಟ್ಯಾಲಿಯಲ್ಲಿ ಹಳೇ ವರ್ಷ ಬರುತ್ತಿದೆ ಅಂದರೆ ಸೆಲ್ ಮುಗಿದಿದೆ ಅಂತಲೇ ಅರ್ಥ. ಹೊಸದು ಹಾಕಿ.

ಆದರೆ ಒಂದು ಎಚ್ಚರಿಕೆ, ಇದನ್ನು ಮಾತ್ರ ಮರೆಯಬೇಡಿ. ವಿಂಡೋಸ್ 11 ಇರುವ ಅನೇಕ ಕಂಪ್ಯೂಟರುಗಳಲ್ಲಿ ಡಿಸ್ಕ್ ಬಿಟ್‌ಲಾಕರಿನಿಂದ ಬೀಗ ಹಾಕಿಕೊಂಡಿರುತ್ತದೆ, ಮಾಲೀಕರಿಗೇ ಅದು ಗೊತ್ತಿರುವುದಿಲ್ಲ. ಬಯಾಸ್ ಸೆಟ್ಟಿಂಗ್ ಬದಲಾದರೆ ಅದು ಅನುಮಾನಪಟ್ಟು 48 ಅಂಕಿಯ ರಿಕವರಿ ಕೀ ಕೇಳಬಹುದು. ಮುಟ್ಟುವ ಮೊದಲೇ ಫೋನಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಡಿಸ್ಕಿನಲ್ಲಿರುವ ಲೆಕ್ಕಪತ್ರ ಯಾರ ಕೈಗೂ ಸಿಗುವುದಿಲ್ಲ.

ಇದರ ಉಲ್ಟಾ ಕೇಸು: ಬಯಾಸಿನಲ್ಲಿ ಕೀಬೋರ್ಡ್ ಸರಾಗ, ಪಾಸ್‌ವರ್ಡ್ ಪರದೆಯಲ್ಲಿ ಇಲ್ಲ. ಇಲ್ಲಿ ಕೀಬೋರ್ಡ್, ಪೋರ್ಟ್, ಬೋರ್ಡ್ ಮೂರೂ ನಿರ್ದೋಷಿ. ತಪ್ಪು ವಿಂಡೋಸಿನದು, ಅಥವಾ ನಮ್ಮದೇ. ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಅನ್ನುವ ಸೌಲಭ್ಯ ಆನ್ ಮಾಡಲೇ ಅಂತ ವಿಂಡೋಸ್ ಕೇಳುತ್ತದೆ. ಕೈ ನಡುಗುವವರಿಗಾಗಿ ಮಾಡಿದ ಒಳ್ಳೆ ಸೌಲಭ್ಯ ಅದು. ಆದರೆ ಖಾತೆ ಪುಸ್ತಕದ ಮೂಲೆ ಶಿಫ್ಟಿನ ಮೇಲೆ ಕೂತು, ಬಂದ ಕಿಟಕಿಗೆ ಯಾರೋ ನೋಡದೆ ಎಂಟರ್ ಹೊಡೆದರೆ ಮುಗಿಯಿತು. ಆಮೇಲೆ ಪ್ರತಿ ಕೀಲಿಯನ್ನೂ ಒತ್ತಿ ಹಿಡಿದುಕೊಂಡರೆ ಮಾತ್ರ ಅಕ್ಷರ ಮೂಡುತ್ತದೆ. ಎಂದಿನಂತೆ ಟಪಟಪ ಒತ್ತುವವರಿಗೆ ಕೀಬೋರ್ಡ್ ಸತ್ತಂತೆಯೇ ಕಾಣುತ್ತದೆ. ಬಲ ಶಿಫ್ಟನ್ನು ಮತ್ತೆ 8 ಸೆಕೆಂಡ್ ಹಿಡಿಯಿರಿ, ಇಲ್ಲವೇ ಪರದೆಯ ಕೆಳಮೂಲೆಯ ಪುಟ್ಟ ಮನುಷ್ಯನ ಚಿತ್ರ ಒತ್ತಿ ಆಫ್ ಮಾಡಿ. ಪರದೆ ಮೇಲಿನ ಕೀಬೋರ್ಡೂ ಅಲ್ಲೇ ಸಿಗುತ್ತದೆ. ಮೌಸಿನಿಂದ ಪಾಸ್‌ವರ್ಡ್ ಹೊಡೆದು ಒಳಗೆ ಹೋಗಲು ಅದೇ ಸಾಕು.

ಪಾಸ್‌ವರ್ಡಿನಲ್ಲಿ ಅಂಕಿಗಳಿದ್ದರೆ ನಮ್ ಲಾಕ್ ಆಫ್ ಇದೆಯಾ ನೋಡಿ. ಭಾಷೆಯನ್ನೂ ನೋಡಿ. ವಿಂಡೋಸಿನ ಕನ್ನಡ ಲೇಔಟ್ ಹಾಕಿಕೊಂಡಿದ್ದರೆ ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ನಿಮಗೆ ಚುಕ್ಕೆಗಳಷ್ಟೇ ಕಾಣುತ್ತವೆ, ಒಳಗೆ ಬೀಳುವುದು ಕನ್ನಡ ಅಕ್ಷರ. ಪಕ್ಕದ ಕಣ್ಣಿನ ಚಿತ್ರ ಒತ್ತಿದರೆ ಬಣ್ಣ ಬಯಲಾಗುತ್ತದೆ. ಇದ್ಯಾವುದೂ ಅಲ್ಲದಿದ್ದರೆ ಡ್ರೈವರ್. ಒಳಗೆ ಹೋಗಿ ಡಿವೈಸ್ ಮ್ಯಾನೇಜರಿನಲ್ಲಿ ಕೀಬೋರ್ಡನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಅದನ್ನು ಹೊಸದಾಗಿ ಗುರುತಿಸುತ್ತದೆ.

ಹಳೇ ಟ್ಯಾಲಿಗಾಗಿ ಇನ್ನೂ ವಿಂಡೋಸ್ 7 ಬೇಕು ಅನ್ನುವವರಿಗೆ ಒಂದು ಮಾತು. 2015ರ ಇಂಟೆಲ್ 100 ಸರಣಿಯ ಚಿಪ್‌ಸೆಟ್ಟಿನಿಂದ ಹಳೇ ಯುಎಸ್‌ಬಿ 2 ಕಂಟ್ರೋಲರನ್ನೇ ತೆಗೆದುಹಾಕಿದರು, ಅದರ ಪೋರ್ಟುಗಳನ್ನೆಲ್ಲ ಯುಎಸ್‌ಬಿ 3 ಕಂಟ್ರೋಲರೇ ನಡೆಸುತ್ತದೆ. ವಿಂಡೋಸ್ 7 ಇನ್‌ಸ್ಟಾಲರಿನಲ್ಲಿ ಯುಎಸ್‌ಬಿ 3 ಡ್ರೈವರ್ ಇಲ್ಲ. ಹಾಗಾಗಿ ಬಯಾಸಿನಲ್ಲಿ ಓಡಾಡಿದ ಕೀಬೋರ್ಡು, ಮೌಸು ಎರಡೂ ಇನ್‌ಸ್ಟಾಲ್ ಪರದೆ ಬಂದ ಕೂಡಲೇ ಕಲ್ಲಾಗುತ್ತವೆ. ಪಿಎಸ್/2 ಇದ್ದರೆ ಬಚಾವ್. ಇಲ್ಲದಿದ್ದರೆ ಡ್ರೈವರ್ ಸೇರಿಸಿದ ಪೆನ್‌ಡ್ರೈವ್ ಮಾಡಿಕೊಳ್ಳಬೇಕು. 2020ರ ಜನವರಿಯಲ್ಲೇ ಬೆಂಬಲ ನಿಂತ ವಿಂಡೋಸಿಗೆ ಇಷ್ಟು ಪಾಡು ಯಾಕೆ ಅನ್ನುವುದು ನನ್ನ ಅಭಿಪ್ರಾಯ. ಅಂಗಡಿ ನಿಮ್ಮದು.

ಬಯಾಸೂ ಸರಿ, ವಿಂಡೋಸೂ ಸರಿ, ಅವೆರಡರ ನಡುವಿನ ನೀಲಿ ರಿಪೇರಿ ಪರದೆಯಲ್ಲಿ ಮಾತ್ರ ಕೀಬೋರ್ಡ್ ಇಲ್ಲ ಅನ್ನುವುದೂ ಉಂಟು. 2025ರ ಅಕ್ಟೋಬರ್ 14ರಂದು ಬಂದ ವಿಂಡೋಸ್ 11ರ ಕೆಬಿ5066835 ಅಪ್‌ಡೇಟ್ ಹಾಕಿಕೊಂಡವರಿಗೆ ಆದದ್ದೇ ಅದು. ರಿಪೇರಿ ಪರದೆಗೆ ತನ್ನದೇ ಪುಟ್ಟ ವಿಂಡೋಸ್ ಇರುತ್ತದೆ, ಅದರಲ್ಲಿ ಯುಎಸ್‌ಬಿ ಕೀಬೋರ್ಡು, ಮೌಸು ಎರಡೂ ನಿಂತುಹೋದವು. ಅಕ್ಟೋಬರ್ 20ರಂದು ಕೆಬಿ5070773 ಅನ್ನುವ ತುರ್ತು ಅಪ್‌ಡೇಟ್ ಬಂದು ಸರಿಯಾಯಿತು. ಅಲ್ಲಿಯವರೆಗೆ ಮೈಕ್ರೋಸಾಫ್ಟ್ ಕೊಟ್ಟ ಸಲಹೆಗಳಲ್ಲಿ ಒಂದು, ಪಿಎಸ್/2 ಕೀಬೋರ್ಡ್ ಇದ್ದರೆ ಅದನ್ನು ಬಳಸಿ ಅನ್ನುವುದು. 1987ರ ಸಾಮಾನು ನೋಡಿ! ಗುಜರಿಗೆ ಹಾಕುವ ಮೊದಲು ಒಂದನ್ನು ಎತ್ತಿಡಿ.

ಲ್ಯಾಪ್‌ಟಾಪ್‌ಗೆ ಇದರಲ್ಲಿ ಅರ್ಧ ಮಾತ್ರ ಹೊಂದುತ್ತದೆ. ಅದರ ಕೀಬೋರ್ಡ್ ಒಂದು ಚಪ್ಪಟೆ ಪಟ್ಟಿಯ ಮೂಲಕ ಒಳಗಿನ ಕಂಟ್ರೋಲರಿಗೆ ಸೇರಿರುತ್ತದೆ. ಅನೇಕ ಮಾಡೆಲ್‌ಗಳಲ್ಲಿ ಅದು ಇವತ್ತಿಗೂ ಪಿಎಸ್/2 ಭಾಷೆಯನ್ನೇ ಆಡುತ್ತದೆ. ಹೊರಗಿನಿಂದ ಒಂದು ಯುಎಸ್‌ಬಿ ಕೀಬೋರ್ಡ್ ಚುಚ್ಚಿ. ಬಯಾಸಿನಲ್ಲಿ ಹೊರಗಿನದು ಓಡುತ್ತದೆ, ಒಳಗಿನದು ಇಲ್ಲ ಅಂದರೆ ಪಟ್ಟಿ ಸಡಿಲವಾಗಿದೆ ಅಥವಾ ಕೀಬೋರ್ಡೇ ಹೋಗಿದೆ. ಬ್ಯಾಟರಿ ಒಳಗೇ ಇರುವುದರಿಂದ ಸೆಲ್ ಕೀಳುವ ಸಾಹಸ ಮನೆಯಲ್ಲಿ ಬೇಡ. ಅಂಗಡಿಗೆ ಒಯ್ದಾಗ "ಕೀಬೋರ್ಡ್ ಹೋಗೈತ್ರಿ" ಅನ್ನುವ ಬದಲು "ಬಯಾಸಿನಾಗೂ ಒಳಗಿಂದು ನಡೆಯಂಗಿಲ್ಲ, ಯುಎಸ್‌ಬಿದು ನಡಿತೈತ್ರಿ" ಅಂತ ಹೇಳಿ. ರಿಪೇರಿ ಮಾಡುವವನು ವಿಂಡೋಸ್ ತೆಗೆದು ಮತ್ತೆ ಹಾಕುವ ಮಾತು ಎತ್ತುವುದಿಲ್ಲ, ನೇರವಾಗಿ ಸ್ಕ್ರೂಡ್ರೈವರ್ ತೆಗೆದುಕೊಳ್ಳುತ್ತಾನೆ.